ಡಯಾಲಿಸಿಸ್ ಕೋಣೆಯ ಮಂಕಿ ಕ್ಯಾಪ್

ಡಯಾಲಿಸಿಸ್ ಮುಗಿಸಿ ಬಂದಾಗಲೆಲ್ಲ ಅಣ್ಣನಿಗೆ ತಲೆನೋವು. ಅದಕ್ಕೆ ಆ ಕೋಣೆಯ ಏಸಿಯೇ ಕಾರಣ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಜಕ್ಕೂರಿನ ಮನೆಯಿಂದ ಹೆಬ್ಬಾಳಕ್ಕೆ ವಾರಕ್ಕೆ ಮೂರು ಸಲ ಅವನನ್ನು ಕರೆದುಕೊಂಡು ಹೋಗುವವಳು ನಾನು. ಏಪ್ರಿಲ್ ಬಿಸಿಲಿನಲ್ಲೂ ಮಂಕಿ ಕ್ಯಾಪ್ ಹಾಕಿಕೊಂಡೇ ಆಟೋ ಹತ್ತುತ್ತಿದ್ದ. "ಡಾಕ್ಟರನ್ನ ಒಂದ್ಸಲ ಕೇಳೋಣ" ಎಂದರೆ, "ಗಾಳಿ ಹೊಡ್ದಿರೋದು ನನ್ ತಲೆಗೆ. ಅವ್ರಿಗೇನ್ ಗೊತ್ತಾಯ್ತದೆ?" ಎನ್ನುತ್ತಿದ್ದ. ಹೇಳಿ ಹೇಳಿ ಸಾಕಾಗಿ ನಾನು ಬಿಟ್ಟುಬಿಟ್ಟೆ.

ಆ ವಾರ ತಣಿಸಂದ್ರದಲ್ಲಿ ಅವನ ಮಗಳ ಗೃಹಪ್ರವೇಶ. ಎರಡು ಸಲ ಡಯಾಲಿಸಿಸ್ ತಪ್ಪಿಸಿದ. ನೀರು ತುಂಬಿ ಊದಿದ ಮುಖದಲ್ಲಿ ಮತ್ತೆ ಬಂದಾಗ ನರ್ಸ್, "ಎಲ್ಲಿ ಹೋಗಿದ್ರಿ ಯಜಮಾನ್ರೇ?" ಎಂದಳು.

"ಮಗಳ ಮನೆ ಹತ್ರಾನೇ ಮಾಡಿಸ್ಕೊಂಡೆ ಕಣಮ್ಮ."

"ತೂಕ ಇಷ್ಟೊಂದು ಏರಿದ್ಯಲ್ಲ?"

"ಪಾಯಸ ಬಿಡಕ್ಕಾಯ್ತದಾ?"

ನರ್ಸ್ ನಕ್ಕಳು. ಹೇಳಬೇಡ ಎಂಬಂತೆ ಅಣ್ಣ ನನ್ನತ್ತ ಕಣ್ಣು ಬಿಟ್ಟ. ನಾನು ಅವನ ಚಪ್ಪಲಿಗಳನ್ನು ಮಂಚದ ಕೆಳಗೆ ಸರಿಸಿದೆ. ಯಂತ್ರ ಎಂದಿನ ವೇಗದಲ್ಲೇ ಶುರುವಾಯಿತು.

ಎರಡನೆಯ ಗಂಟೆಯ ಹೊತ್ತಿಗೆ ಅವನು ಟೋಪಿಯನ್ನು ಹುಬ್ಬಿನವರೆಗೆ, ಆಮೇಲೆ ಕಣ್ಣು ಮುಚ್ಚುವವರೆಗೆ ಎಳೆದುಕೊಂಡ. ನಿದ್ದೆ ಬಂದಿದೆ ಎಂದು ನರ್ಸ್ ಪಕ್ಕದ ಹಾಸಿಗೆಗೆ ಹೋದಳು. ನಾನೂ ಹಾಗೆಯೇ ಅಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಟೋಪಿ ಎತ್ತಿ ನೋಡಿದರೆ ಕಣ್ಣುಗಳು ತೆರೆದೇ ಇದ್ದವು.

"ಅಣ್ಣ?"

"ಹಸ ಒಳಗ್ ಕಟ್ಟಿದ್ಯಾ?"

ನಾವು ಹಸು ಮಾರಿ ಹದಿನೈದು ವರ್ಷವಾಗಿತ್ತು. ಮಗಳ ಹೆಸರು ಕೇಳಿದೆ. ತುಟಿ ಅಲುಗಿತು, ಹೆಸರು ಬರಲಿಲ್ಲ. ವಾಂತಿ ಬಂತು.

"ಎರಡು ಸಲ ಎಲ್ಲೂ ಮಾಡಿಸಿಲ್ಲ, ಸುಳ್ಳು ಹೇಳಿದ್ದು!" ಎಂದು ಕೂಗಿದೆ. ನರ್ಸ್ ಯಂತ್ರ ನಿಲ್ಲಿಸಿ ಡಾಕ್ಟರನ್ನು ಕರೆದಳು.

ಸಂಜೆ ಅಣ್ಣನಿಗೆ ಅರಿವು ಮರಳಿದ ಮೇಲೆ ಡಾಕ್ಟರು ವಿವರಿಸಿದರು. ದಿನಗಟ್ಟಲೆ ಸೇರಿಕೊಂಡ ಕಲ್ಮಶವನ್ನು ಯಂತ್ರ ರಕ್ತದಿಂದ ಬೇಗ ತೆಗೆದುಬಿಡುತ್ತದೆ. ಮೆದುಳಿನಿಂದ ಅದು ಅಷ್ಟು ಬೇಗ ಹೋಗುವುದಿಲ್ಲ. ಅಲ್ಲೇ ಉಳಿದದ್ದು ನೀರನ್ನು ಎಳೆದುಕೊಳ್ಳುವುದರಿಂದ ಮೆದುಳು ಊದುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಒಳಗೆ ಒತ್ತಡ ಏರುತ್ತದೆ. "ತಪ್ಪಿಸಿದ್ದು ಗೊತ್ತಿದ್ರೆ ನಿಧಾನಕ್ಕೆ, ಕಡಿಮೆ ಹೊತ್ತು ಮಾಡ್ತಿದ್ವಿ. ತಲೆನೋವು ಬರ್ತಿತ್ತು ಅಂತಾನೂ ಮೊದಲೇ ಹೇಳ್ಬೇಕಿತ್ತಮ್ಮ" ಎಂದರು, ನನಗೆ.

ಮುಂದಿನ ಸಲ ಅಣ್ಣ ಮತ್ತೆ ಟೋಪಿ ಹಾಕಿಕೊಂಡೇ ಹೊರಟ. "ಅವತ್ತು ಏಸಿ ವಸಿ ಜಾಸ್ತಿ ಆಗಿತ್ತು ಕಣೇ."

ನನಗೆ ಜಗಳವಾಡುವಷ್ಟು ತ್ರಾಣವಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ ಮೇಲೆ ಅವನ ಟೋಪಿಯನ್ನು ಹಣೆಯ ಮೇಲಕ್ಕೆ ಮಡಿಚಿಟ್ಟೆ. ಕಾಲು ಗಂಟೆಗೊಮ್ಮೆ ಮಗಳ ಹೆಸರು ಕೇಳಿದೆ. ನಾಲ್ಕನೆಯ ಸಲ ರೇಗಿಬಿಟ್ಟ.

"ಸೋದರತ್ತೆ ಆಗಿ ನೀನೇ ಇಟ್ಟಿದ್ ಹೆಸ್ರು! ಇನ್ನೆಷ್ಟ್ ಸಲ ಹೇಳ್ಲಿ ನಿಂಗೆ?"

"ಹೇಳು" ಎಂದೆ.

ಹೇಳಿದ.