ರಕ್ತ ಬೇಡವಾದ ಆಪರೇಷನ್

ನಮ್ಮ ಕೋಲಾರದ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ಹುಡುಗಿ, ಗರ್ಭಕೋಶದ ಗಡ್ಡೆ ತೆಗೆಯುವ ಮುಂಚೆ ಗರ್ಭಕೋಶದ ಬುಡಕ್ಕೆ ರಬ್ಬರ್ ಟ್ಯೂಬ್ ಬಿಗಿಯಾಗಿ ಕಟ್ಟುತ್ತಾಳೆ. ರಕ್ತ ಒರೆಸುವ ಬಟ್ಟೆ ಹೆಚ್ಚುಕಮ್ಮಿ ಬೆಳ್ಳಗೇ ಉಳಿಯುತ್ತದೆ. ವರ್ಷಾನುಗಟ್ಟಲೆಯಿಂದ ಇದೇ ಗಡ್ಡೆ ತೆಗೆಯುತ್ತಿರುವ ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ಅವಳ ಪೇಷೆಂಟಿಗೆ ರಕ್ತ ಕೊಡಲು ಸುಗಟೂರಿನಿಂದ ಅಣ್ಣತಮ್ಮಂದಿರು ಟೆಂಪೋ ಮಾಡಿಕೊಂಡು ಬಂದಿದ್ದರು. ರಕ್ತ ಬೇಕಾಗಲೇ ಇಲ್ಲ. ದೊಡ್ಡಣ್ಣ ಮುಖ ಊದಿಸಿಕೊಂಡು ನನ್ನ ರೂಮಿಗೆ ಬಂದ.

"ಏನ್ ಮೇಡಂ, ರೆಡಿಯಾಗಿ ಬಂದ್ರೆ ಬೇಡ ಅಂದ್ಬಿಟ್ರು. ನಮ್ಮತ್ತೆಗೆ ನೀವು ಮಾಡ್ದಾಗ ಮನೆಯೋರೆಲ್ಲಾ ರಕ್ತ ಕೊಟ್ಟಿದ್ವಿ. ಆಪರೇಷನ್ ಅಂದ್ರೆ ನಿಮ್ದು!"

ಆ ಹೊಗಳಿಕೆಗೆ ಹೊಟ್ಟೆ ಇನ್ನೂ ಉರಿಯಿತು. ಅವನು ಹೋದ ಮೇಲೆ ಸಿಸ್ಟರನ್ನು ಕರೆದು, ನನ್ನ ಟ್ರೇಯಲ್ಲೂ ಆ ಟ್ಯೂಬ್ ಇಡಿ, ಆ ಹುಡುಗಿಗೆ ಮಾತ್ರ ಗೊತ್ತಾಗಬಾರದು ಅಂದೆ.

"ನಿಮಗೂ ಇಡಿ ಅಂತ ಅವರೇ ಹೋದ ವಾರ ಹೇಳಿದ್ದಾರೆ ಮೇಡಂ."

ಸಾಲದ್ದಕ್ಕೆ ಒಳ್ಳೆಯವಳು ಬೇರೆ!