ಚಪ್ಪಲಿ ನೋಡಿ ಅಕ್ಕಿ ಹಾಕುತ್ತಿದ್ದವರು

ಅಡುಗೆಯ ಸಂಜೀವಣ್ಣ ಮದುವೆಗೆ ಬಂದವರ ಮುಖ ನೋಡುತ್ತಿರಲಿಲ್ಲ, ಚಪ್ಪಲಿ ನೋಡುತ್ತಿದ್ದರು. ಮುಹೂರ್ತಕ್ಕೆ ಸ್ವಲ್ಪ ಮೊದಲು ಅಡುಗೆಕೋಣೆಯಿಂದ ಹೊರಗೆ ಬಂದು, ಹೆಗಲ ಬೈರಾಸಿನಲ್ಲಿ ಬೆವರು ಒರೆಸಿಕೊಂಡು, ಸಭಾಭವನದ ಮೆಟ್ಟಿಲ ಬಳಿ ಕೈ ಹಿಂದೆ ಕಟ್ಟಿ ನಿಲ್ಲುವರು. ಅಲ್ಲಿ ಬಿದ್ದ ಚಪ್ಪಲಿಗಳ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಕಣ್ಣು ಓಡಿಸಿ ಒಳಗೆ ಕೂಗುವರು: "ಇನ್ನೊಂದು ಕೊಪ್ಪರಿಗೆ ಅನ್ನ ಇಡಿ. ಪಾಯಸ ಸಾಕು."

ಮದುವೆ ಮನೆಯವರು ಎಂಟುನೂರು ಜನ ಎಂದು ಬರೆದು ಕೊಟ್ಟಿದ್ದರೂ ಅವರು ನಂಬುತ್ತಿದ್ದದ್ದು ಚಪ್ಪಲಿಯನ್ನೇ. "ಬರೆಯುವವನಿಗೆ ಮರ್ಯಾದೆಯ ಪ್ರಶ್ನೆ ಉಂಟು ಹಮೀದಾಕ. ಚಪ್ಪಲಿಗೆ ಎಂಥ ಮರ್ಯಾದೆ? ಅದು ಸುಳ್ಳು ಹೇಳುವುದಿಲ್ಲ" ಎಂದು ನನ್ನೊಡನೆ ಹೇಳುವರು. ಎಣಿಸುವುದು ಮಾತ್ರವಲ್ಲ, ಜಾತಕವನ್ನೂ ಬರೆಯುತ್ತಿದ್ದರು. ಎತ್ತರದ ಹಿಮ್ಮಡಿಯ ಚಪ್ಪಲಿಯವರು ಎರಡನೇ ಸಲ ಅನ್ನ ಕೇಳುವುದಿಲ್ಲ, ಪಾಲಿಶು ಮಾಡಿದ ಶೂ ಮಜ್ಜಿಗೆಗೆ ಮುಂಚೆ ಎದ್ದು ಹೋಗುತ್ತದೆ, ಸವೆದ ಹವಾಯಿ ಚಪ್ಪಲಿ ಬಂತೆಂದರೆ ಸಾರಿನ ಪಾತ್ರೆ ಹತ್ತಿರವೇ ಇರಲಿ.

ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಈ ಮೂರು ಕಡೆ ಅವರು ಬಡಿಸಿದ ಊಟಗಳಲ್ಲಿ ಒಂದು ಸಲವೂ ಅನ್ನ ಕಡಿಮೆ ಬಿದ್ದದ್ದಿಲ್ಲ. ಹೆಚ್ಚಾದದ್ದು ಉಂಟು. ಹೆಚ್ಚಾದದ್ದನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನಾನು ಬಂಟ್ವಾಳ ಪೇಟೆಯಲ್ಲಿ ನಲವತ್ತು ವರ್ಷ ಚಪ್ಪಲಿ ಅಂಗಡಿ ಇಟ್ಟವನು. ಚಪ್ಪಲಿ ಸುಳ್ಳು ಹೇಳುವುದಿಲ್ಲ ಎಂದು ನನ್ನೆದುರು ಒಬ್ಬರು ಹೇಳಿದರೆ ಬಿಡಲು ಮನಸ್ಸು ಬರುತ್ತದೆಯೇ? ಬೆಳ್ತಂಗಡಿಯ ಒಂದು ಮದುವೆಗೆ, ಮಾರಾಟವಾಗದೆ ಉಳಿದ ಅರುವತ್ತು ಜೋಡಿಯನ್ನು ಗೋಣಿಯಲ್ಲಿ ತುಂಬಿಸಿ ರಿಕ್ಷಾದಲ್ಲಿ ಒಯ್ದೆ. ನನ್ನ ಬುದ್ಧಿವಂತಿಕೆಯನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ: ಒಂದೊಂದಕ್ಕೂ ಕೆಂಪು ಮಣ್ಣು ಬಳಿದು, ಅಡ್ಡಾದಿಡ್ಡಿ ಎಸೆದು, ಕಂಬದ ಹಿಂದೆ ನಿಂತೆ.

ಸಂಜೀವಣ್ಣ ಬಂದರು. ನೋಡಿದರು. ಒಂದು ಚಪ್ಪಲಿಯನ್ನು ಕಾಲಿನಿಂದ ಮಗುಚಿ ಒಳಗೆ ಕೂಗಿದರು: "ಅನ್ನ ಸಾಕು. ಅರುವತ್ತು ಜೋಡಿಗೆ ಕಾಲಿಲ್ಲ!" ಆಮೇಲೆ ಕಂಬದ ಕಡೆಗೆ ತಿರುಗಿ, "ಮಣ್ಣು ಉಂಟು ಹಮೀದಾಕ, ಹೆಬ್ಬೆರಳು ಒತ್ತಿದ ಗುಂಡಿ ಇಲ್ಲ" ಎಂದರು.

ಊಟಕ್ಕೆ ಕೂತಾಗ ನನ್ನ ಎಲೆಗೆ ನಾಲ್ಕು ಜನ ಸಾಲಾಗಿ ಪಾಯಸ ಸುರಿದರು. "ಅರುವತ್ತು ಜನರನ್ನು ಕರಕೊಂಡು ಬಂದಿದ್ದೀರಲ್ಲ, ಅವರ ಪಾಲು ಯಾರು ಉಣ್ಣುವುದು ಮಾರಾಯ್ರೆ?" ಎಂದರು ಸಂಜೀವಣ್ಣ. ಎರಡು ದಿನ ನನಗೆ ಬೆಲ್ಲದ ಹೆಸರು ಕೇಳಿದರೆ ಆಗುತ್ತಿರಲಿಲ್ಲ.

ಇಂಥ ಮನುಷ್ಯನಿಗೂ ಅಳತೆ ಸಿಗದ ಒಂದು ವಿಷಯ ಆರೇಳು ವರ್ಷದ ಹಿಂದೆ ಮನೆಗೇ ಬಂತು. ಮಗಳು ಶ್ರುತಿ ಡಿಪ್ಲೊಮಾ ಮುಗಿಸಿದ್ದಳು. ಮುಂದೆ ಇಂಡಸ್ಟ್ರಿಯಲ್ ಇಂಜಿನಿಯರಿಂಗಿಗೆ ಸೀಟು ಸಿಕ್ಕಿತ್ತು. ಫೀಸಿಗೆ ಇದ್ದದ್ದು ಒಂದೇ ದಾರಿ: ಸಂಜೀವಣ್ಣನ ತಂದೆಯ ಕಾಲದ ಐದು ತಾಮ್ರದ ಕೊಪ್ಪರಿಗೆಗಳನ್ನು ಮಾರುವುದು. ಅವು ಹೋದರೆ ಪ್ರತಿ ಊಟಕ್ಕೂ ಪಾತ್ರೆ ಬಾಡಿಗೆಗೆ ತರಬೇಕು. ಗುಜರಿಯವನು ಬಂದು ತೂಗಿ ದರ ಹೇಳಿ ಹೋಗಿದ್ದ. ಅತ್ತ ತಾಮ್ರದ ಬೆಲೆ ಸ್ಪಷ್ಟ. ಇತ್ತ ಡಿಗ್ರಿಯ ಬೆಲೆ ಯಾರಿಗೆ ಗೊತ್ತು? ಅದನ್ನು ತೂಗುವುದಕ್ಕೆ ನೆಂಟರು ಸೇರಿದರು. ನನ್ನನ್ನೂ ಕರೆದರು.

ಗಲ್ಫಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದ ವಿಟ್ಲದ ಭಾವ ಮೊದಲು ಬಾಯಿ ತೆರೆದರು. "ಸಿವಿಲ್ ಆದ್ರೆ ಕಟ್ಟಡ ತೋರಿಸಬಹುದು. ಮೆಕ್ಯಾನಿಕಲ್ ಆದ್ರೆ ಮೆಷಿನು ತೋರಿಸಬಹುದು. ಇದರಲ್ಲಿ ಎಂಥ ತೋರಿಸುವುದು?"

ಅಳದಂಗಡಿಯ ಚಿಕ್ಕಪ್ಪ ಇನ್ನೂ ದೂರಕ್ಕೆ ಯೋಚಿಸಿದ್ದರು. "ಮದುವೆ ಕಾಗದದಲ್ಲಿ ಬಿ.ಇ. ಅಂತ ಮಾತ್ರ ಹಾಕುವುದಲ್ವಾ? ಯಾವ ಬ್ರಾಂಚು ಅಂತ ಯಾರು ಕೇಳ್ತಾರೆ? ಫೀಸು ಕಡಿಮೆ ಇರುವುದಕ್ಕೆ ಸೇರಿಸುವ."

ಶ್ರುತಿ ಚಾ ಲೋಟ ಇಡುತ್ತಾ ಹೇಳಿದಳು: "ಒಂದು ಕೆಲಸವನ್ನು ಹೇಗೆ ಮಾಡಿದ್ರೆ ಸಮಯ ಉಳೀತದೆ, ಸಾಮಾನು ಉಳೀತದೆ, ಜನರ ಓಡಾಟ ಉಳೀತದೆ ಅಂತ ಕಲಿಸುವುದು ಮಾವ."

"ಅದಕ್ಕೆ ಕಾಲೇಜು ಬೇಕಾ? ನಮ್ಮ ಅಮ್ಮ ಇಡೀ ದಿನ ಅದನ್ನೇ ಹೇಳ್ತಿದ್ರು, ಫೀಸಿಲ್ಲದೆ!" ಎಂದರು ಭಾವ. ಎಲ್ಲರೂ ನಕ್ಕರು. ನಾನೂ ನಕ್ಕೆ. ಶ್ರುತಿ ಲೋಟ ಎಣಿಸಿಕೊಂಡು ಒಳಗೆ ಹೋದಳು.

ನೆಂಟರು ಹೋದ ಮೇಲೆ ಸಂಜೀವಣ್ಣ ಕೊಪ್ಪರಿಗೆಯ ಬಾಯಿಗೆ ಕೈ ಊರಿ ನಿಂತರು. "ಇಷ್ಟು ತಾಮ್ರ ಕೊಟ್ಟು ತರುವ ಕಾಗದ ಏನು ಬೆಲೆ ಬಾಳ್ತದೆ ಹಮೀದಾಕ? ಸತ್ಯ ಹೇಳಿ."

ಸತ್ಯ ನನಗೆ ಗೊತ್ತಿರಲಿಲ್ಲ, ಆದ್ದರಿಂದ ಜೋರಾಗಿ ಹೇಳಿದೆ: "ಬರುವ ಮದುವೆಯನ್ನು ಅವಳ ಕೈಗೆ ಕೊಡಿ. ಡಿಪ್ಲೊಮಾದಲ್ಲಿ ಕಲಿತದ್ದು ನೋಡುವ. ಅದು ಬಾಳಿದ್ರೆ ಇದೂ ಬಾಳ್ತದೆ." ನನಗೆ ಬೇಕಾಗಿದ್ದದ್ದು ಒಂದು ತಮಾಷೆ, ಅಷ್ಟೆ. ಅವರು ಅದನ್ನು ಬುದ್ಧಿಮಾತೆಂದು ತಿಳಿದರು.

ಮದುವೆ ಬೆಳ್ತಂಗಡಿಯಲ್ಲೇ. ಶ್ರುತಿ ಹಿಂದಿನ ದಿನವೇ ಹೋಗಿ ಅಡುಗೆಕೋಣೆಯಿಂದ ಕೊನೆಯ ಎಲೆಯವರೆಗೆ ಎಷ್ಟು ಹೆಜ್ಜೆ ಎಂದು ಅಳೆದಳು. ಬಡಿಸುವ ಪಾತ್ರೆಗಳನ್ನು ಸಭಾಭವನದ ಎರಡೂ ತುದಿಯಲ್ಲಿ ಇಡಿಸಿದಳು. ಅನ್ನವನ್ನು ಒಟ್ಟಿಗೆ ಬೇಯಿಸದೆ, ಒಂದು ಹಂತಿಯ ಜನ ಊಟಕ್ಕೆ ಕೂತಾಗ ಮುಂದಿನ ಹಂತಿಗೆ ಅಕ್ಕಿ ಹಾಕಿಸಿದಳು. ಕೈಯಲ್ಲಿ ಮೊಬೈಲು, ಅದರಲ್ಲಿ ಸೆಕೆಂಡು ಓಡುತ್ತಿತ್ತು. ಸಂಜೀವಣ್ಣನಿಗೆ ಒಂದೇ ಕೆಲಸ ಉಳಿಸಿದ್ದಳು, ಚಪ್ಪಲಿ ನೋಡುವುದು.

ನಲವತ್ತು ನಿಮಿಷ ಹಿಡಿಯುತ್ತಿದ್ದ ಹಂತಿ ಇಪ್ಪತ್ತರಲ್ಲಿ ಮುಗಿಯಿತು. ಮುಗಿಯಿತು ಎನ್ನುವುದಕ್ಕಿಂತ ಮುಗಿಸಲಾಯಿತು. ಸಾರು ಕಲಸುವ ಮೊದಲು ಸಾಂಬಾರು, ಸಾಂಬಾರಿಗೆ ಕೈ ಹಾಕುವ ಮೊದಲು ಪಾಯಸ, ಪಾಯಸದ ಹಿಂದೆಯೇ ಓಡಿಕೊಂಡು ಮಜ್ಜಿಗೆ. ಉಣ್ಣುವಾಗ ನಮ್ಮಲ್ಲಿ ಸಂಬಂಧ ಕುದುರುತ್ತದೆ, ಜಾಗದ ತಕರಾರು ಬಗೆಹರಿಯುತ್ತದೆ, ಮುನಿದ ನೆಂಟರು ಮಾತಾಡುತ್ತಾರೆ. ಅದಕ್ಕೆ ಎಷ್ಟು ಸೆಕೆಂಡು ಎಂದು ಆ ಹುಡುಗಿ ಅಳೆದಿರಲಿಲ್ಲ. ಮದುಮಗನ ಸೋದರಮಾವ ಎಂಜಲು ಕೈಯಲ್ಲೇ ಎದ್ದು ನಿಂತ: "ನಾವೇನು ಧರ್ಮಸ್ಥಳದ ಬಸ್ಸಿಗೆ ಹೋಗುವವರಾ? ಎಂಥದ್ದು ಇದು, ಊಟವಾ, ಓಟವಾ?"

ಶ್ರುತಿಯ ಮುಖ ಬಾಡಿತು. ನಾನು ಕಂಬದ ಹಿಂದೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಸಂಜೀವಣ್ಣ ಸೋದರಮಾವನ ಕೈ ಹಿಡಿದು ಕೂರಿಸಿ, ತಾವೇ ಎರಡು ಸೌಟು ಪಾಯಸ ಬಡಿಸಿ, "ಮಗು ಸಣ್ಣದು, ಕ್ಷಮೆ ಇರಲಿ" ಎಂದರು. ಕೊಪ್ಪರಿಗೆ ಉಳಿಯಿತು, ಡಿಗ್ರಿ ಹೋಯಿತು ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ಅಡುಗೆಕೋಣೆಗೆ ಹೋದೆ. ಅಲ್ಲಿ ಬಡಿಸಿದವರು, ಪಾತ್ರೆ ತೊಳೆಯುವ ಹೆಂಗಸರು, ತರಕಾರಿ ಹೆಚ್ಚಿದವರು ಎಲ್ಲರೂ ಎಲೆ ಹಾಕಿ ಕೂತಿದ್ದರು. ಕೊನೆಯಲ್ಲಿ ಸಂಜೀವಣ್ಣ. ಎಲೆಯ ಮೇಲೆ ಅನ್ನದಿಂದ ಹಬೆ ಏಳುತ್ತಿತ್ತು. ಅವರು ಸಾರಿಗೆ ಬೆರಳು ಅದ್ದಿ ತಟ್ಟನೆ ಹಿಂದಕ್ಕೆ ತೆಗೆದರು.

"ಗಂಟೆ ಎಷ್ಟು?"

"ಎರಡೂವರೆ," ಎಂದೆ.

"ಮೂವತ್ತು ವರ್ಷ ಆಯ್ತು ಹಮೀದಾಕ. ನಾಲ್ಕೂವರೆಗೆ ಮುಂಚೆ ನಾನು ಮದುವೆ ಊಟ ಮಾಡಿದ್ದಿಲ್ಲ. ನನ್ನ ಸಾರು ಬಿಸಿ ಇರುವಾಗ ಹೇಗಿರ್ತದೆ ಅಂತ ನನಗೇ ಗೊತ್ತಿರ್ಲಿಲ್ಲ." ಇನ್ನೊಂದು ತುತ್ತು ಉಂಡು ಹೇಳಿದರು, "ಉಪ್ಪು ಒಂದು ಚೂರು ಹೆಚ್ಚು."

ಆ ದಿನ ಗುಂಡಿಗೆ ಸುರಿಯುವುದಕ್ಕೆ ಅನ್ನ ಉಳಿದಿರಲಿಲ್ಲ. ಮೊದಲೆಲ್ಲ ಪ್ರತಿ ಮದುವೆಯಲ್ಲೂ ಒಂದು ಕೊಪ್ಪರಿಗೆ ಅನ್ನ ಹಾಗೆ ಹೋಗುತ್ತಿತ್ತು. ಅದನ್ನು ತೋರಿಸಿ ನಾನು ಲೆಕ್ಕ ಶುರುಮಾಡಿದೆ: ವರ್ಷಕ್ಕೆ ಇಷ್ಟು ಮದುವೆ, ಇಷ್ಟು ಅಕ್ಕಿ... ಅವರು ಕೈ ಅಡ್ಡ ಹಿಡಿದರು. "ಅದೆಲ್ಲ ಭಾವನಿಗೆ ಹೇಳಿ. ಪಾತ್ರೆ ತೊಳೆಯುವ ಕಮಲಕ್ಕ ಬಿಸಿ ಅನ್ನ ಉಂಡದ್ದಕ್ಕೆ ಗುಜರಿಯವನು ಎಷ್ಟು ದರ ಹಾಕ್ತಾನೆ?"

ಮಾರನೆಯ ದಿನ ಕೊಪ್ಪರಿಗೆಗಳು ಗುಜರಿಯವನ ಟೆಂಪೋ ಹತ್ತಿದವು. ಆಮೇಲೆ ಊರಿಡೀ ನಾನು ಹೇಳಿಕೊಂಡು ತಿರುಗಿದ್ದು, ಆ ಹುಡುಗಿಯನ್ನು ಇಂಜಿನಿಯರು ಮಾಡಿದ್ದು ನಾನೇ ಎಂದು.

ಶ್ರುತಿ ಈಗ ಮಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದಾಳೆ. ವಿಟ್ಲದ ಭಾವ ಈಗಲೂ ಸಂಬಳ ಕೇಳುತ್ತಾರೆ, ಕೇಳಿ ತಾಮ್ರದ ಇವತ್ತಿನ ದರ ಹೇಳುತ್ತಾರೆ.

ಕಳೆದ ಮಳೆಗಾಲ ಮುಗಿಯುವಾಗ ಸಂಜೀವಣ್ಣ ಹೋದರು. ಉತ್ತರಕ್ರಿಯೆಯ ಊಟ ಮೂಡುಬಿದಿರೆಯ ಸಭಾಭವನದಲ್ಲಿ. ನಾನು ಹೋಗುವಾಗ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡಿದ್ದೆ. ಎಂಟು ನಂಬರಿನ ಒಂದು ಹೊಸ ಜೋಡಿ, ಅವರು ಯಾವಾಗಲೂ ನನ್ನ ಅಂಗಡಿಯಿಂದಲೇ ಒಯ್ಯುತ್ತಿದ್ದ ಜಾತಿಯದ್ದು. ಯಾರೂ ನೋಡದಾಗ ಅದನ್ನು ಉಳಿದ ಚಪ್ಪಲಿಗಳ ನಡುವೆ ಇಟ್ಟು, ಹಳೆಯ ಅಭ್ಯಾಸದಂತೆ ಕಂಬದ ಹಿಂದೆ ನಿಂತೆ.

ಶ್ರುತಿ ಹೊರಗೆ ಬಂದಳು. ಮೊಬೈಲು ತೆಗೆಯಲಿಲ್ಲ. ಕೈ ಹಿಂದೆ ಕಟ್ಟಿ ಎಡದಿಂದ ಬಲಕ್ಕೆ ನೋಡುತ್ತಾ ಬಂದವಳು ಆ ಜೋಡಿಯ ಬಳಿ ನಿಂತಳು. ಬಗ್ಗಿ, ಹೆಬ್ಬೆರಳಿನ ಜಾಗವನ್ನು ಸವರಿ ನೋಡಿದಳು. ಅಲ್ಲಿ ಗುಂಡಿ ಇರಲಿಲ್ಲ.

"ಹಮೀದಾಕ, ಕಂಬದಿಂದ ಈಚೆ ಬನ್ನಿ," ಎಂದಳು ತಿರುಗದೆಯೇ. "ಇದಕ್ಕೆ ಕಾಲಿಲ್ಲ."

ನಾನು ಖಾಲಿ ಚೀಲ ಮಡಚುತ್ತಾ ಈಚೆ ಬಂದೆ.

ಅವಳು ಆ ಜೋಡಿಯನ್ನು ಸರಿಯಾಗಿ ಒಳಮುಖ ಮಾಡಿ ಇಟ್ಟು, ಬಾಗಿಲ ಕಡೆಗೆ ಕೂಗಿದಳು: "ಒಂದು ಎಲೆ ಹೆಚ್ಚು ಹಾಕಿ. ಬಿಸಿ ಸಾರು ಮೊದಲು ಆ ಎಲೆಗೆ ಹೋಗಲಿ. ಉಪ್ಪು ಒಂದು ಚೂರು ಕಡಿಮೆ."