ಬೂದ ಗರಿಕೆ ತಿನ್ನುವ ತನಕ

"ದುರುಗಕ್ಕಗ ಮೊಮ್ಮಕ್ಕಳ ಬಾಯಿಗಿಂತ ನಾಯಿಮರಿ ಬಾಯಿ ಮ್ಯಾಲೆ ನಿಗಾ ಜಾಸ್ತಿ" ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಎದುರುಮನೆಯ ಸುಂಕಮ್ಮನಂತೂ, "ಅದು ಏನು ತಿಂತೈತಿ ಅಂತ ದಿನಾ ಹಿಂದಿಂದ ಹೋಗ್ತಾಳವ್ವ. ಇನ್ನೊಂದು ವರ್ಷಕ್ಕ ತಾನೂ ಹುಲ್ಲಿಗೆ ಬಾಯಿ ಹಾಕ್ತಾಳ ನೋಡ್ರಿ" ಎಂದು ನೀರಿನ ಬಾವಿಯ ಹತ್ತಿರ ಎಲ್ಲರನ್ನೂ ನಗಿಸುತ್ತಿದ್ದಳು.

ಸುಳ್ಳೇನಲ್ಲ, ಹೋಗುತ್ತಿದ್ದಳು. ರಾಯದುರ್ಗ ಇನ್ನೂ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಮದರಾಸಿನ ಸರ್ಕಾರ ನಡೆಯುತ್ತಿದ್ದ ಕಾಲ ಅದು. ಬೆಳುಗುಪ್ಪದ ಪಕ್ಕದ ಆ ಕುರುಬರ ಹಟ್ಟಿಗೆ ದುರುಗಕ್ಕ ಹೇಮಾವತಿಯ ಕಡೆಯಿಂದ ಸೊಸೆಯಾಗಿ ಬಂದು ನಲವತ್ತು ವರ್ಷದ ಮೇಲಾಗಿತ್ತು. ಗಂಡ ಹೋಗಿ ಹನ್ನೆರಡು ವರ್ಷ. ಕಂಬಳಿಗೆ ಉಣ್ಣೆ ನೂಲುವುದು ಅವಳ ಕೆಲಸ. ಹಿಂಡಿಗೆ ನಾಯಿ ಬೆಳೆಸುವುದೂ ಅವಳದೇ, ಯಾರೂ ಹೇಳದೆ ಅವಳ ಪಾಲಿಗೆ ಬಂದದ್ದು.

ಆ ಹಟ್ಟಿಯಲ್ಲಿ ಕಾವಲು ನಾಯಿಯನ್ನು ಮನೆಯಲ್ಲಿ ಸಾಕುತ್ತಿರಲಿಲ್ಲ. ಕಣ್ಣು ಬಿಟ್ಟ ವಾರಕ್ಕೇ ಮರಿಯನ್ನು ತಂದು ಮುಳ್ಳುಬೇಲಿಯ ರೊಪ್ಪದೊಳಗೆ ಕುರಿಮರಿಗಳ ನಡುವೆ ಬಿಡುತ್ತಿದ್ದರು. ಕುರಿಹಾಲು ಕುಡಿದು, ಕುರಿಯ ಮೈಶಾಖದಲ್ಲಿ ಮಲಗಿ, ತಾನೂ ಕುರಿಯೇ ಎಂದುಕೊಂಡು ಅದು ಬೆಳೆಯಬೇಕು. ಬೆಳಿಗ್ಗೆ ಸಂಜೆ ಅದನ್ನು ಹೊರಗೆ ತಿರುಗಿಸುವುದು ದುರುಗಕ್ಕನ ಪಾಲು. ಕೈಯಲ್ಲಿ ಕದಿರು ತಿರುಗುತ್ತಿರುತ್ತಿತ್ತು, ಕಣ್ಣು ಮಾತ್ರ ಮರಿಯ ಮೂತಿಯ ಮೇಲೆ. ಕುರಿಹಿಕ್ಕೆ ತಿಂದರೆ ಸುಮ್ಮನಿರುವಳು. ಮಿಡತೆ, ಬಾರೆಹಣ್ಣಿನ ಬೀಜ, ಹರಿದ ಕೆರದ ಬಾರು, ಇವಕ್ಕೂ ಸುಮ್ಮನೆ. ವಿಷದ ಉಮ್ಮತ್ತಿ ಗಿಡದ ಕಡೆ ಮೂಗು ತಿರುಗಿದರೆ ಮಾತ್ರ ಕದಿರನ್ನು ಸೆರಗಿಗೆ ಸಿಕ್ಕಿಸಿ ಓಡುವಳು, ಎರಡು ಬೆರಳು ಬಾಯೊಳಗೆ ಹಾಕಿ ತೆಗೆಯುವಳು.

ಆ ವರ್ಷದ ಮರಿ ಬೂದಿಬಣ್ಣದ್ದು. ಹೆಸರು ಬೂದ.

ಸಂಕ್ರಾಂತಿ ಕಳೆದು, ಹಗರಿ ಹೊಳೆಯ ದಂಡೆಯ ಹೊಲಗಳಿಗೆ ಹಿಂಡು ಮೇವಿಗೆ ಹೊರಡಲು ನಾಲ್ಕು ದಿನ ಇರುವಾಗ, ಒಂದು ಬೆಳಿಗ್ಗೆ ಯರ್ರಪ್ಪ ಬೂದನ ಕತ್ತಿನ ತೊಗಲು ಹಿಡಿದು ತಂದು ಅಂಗಳದಲ್ಲಿ ಕುಕ್ಕಿದ. ಹಿಂಡಿನಲ್ಲಿ ಅರ್ಧ ಪಾಲು ಅವನದು. ಅವನ ಹಿಂದೆಯೇ ದುರುಗಕ್ಕನ ಮೈದುನ, ಹಟ್ಟಿಯ ಹಿರಿಯ ದೊಡ್ಡಬೀರಪ್ಪ ಬಂದ.

"ದೊಡ್ಡವ್ವ, ನಿನ್ನ ಮಗ ನನ್ನ ಕುರಿಮರಿ ತಿಂದಾನ" ಎಂದ ಯರ್ರಪ್ಪ. "ರೊಪ್ಪದಾಗ ಮರಿ ಸತ್ತು ಬಿದ್ದೈತಿ, ಹೊಟ್ಟಿ ಹರದೈತಿ. ಪಕ್ಕದಾಗ ಇದು ಕರೇ ಉಣ್ಣೆ ಕಾರಿಕೊಂಡೈತಿ. ಬಾಯಾಗ ಇನ್ನೂ ಐತಿ, ನೋಡು."

ನಿಜವೇ. ಬೂದನ ಹಲ್ಲಿನ ಸಂದಿಯಲ್ಲಿ ಕಪ್ಪು ಎಳೆಯೊಂದು ಸಿಕ್ಕಿಕೊಂಡಿತ್ತು.

ಕುರಿಯ ರುಚಿ ಕಂಡ ನಾಯಿಯನ್ನು ಹಿಂಡಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಬೇರೆ ಕಡೆಗೆ ಕೊಡುವಂತೆಯೂ ಇಲ್ಲ. ಹಟ್ಟಿಯ ಹೊರಗೆ ಒಯ್ದು ಹೊಡೆದು ಹೂಳುತ್ತಿದ್ದರು. ಯರ್ರಪ್ಪನ ಕೈಯಲ್ಲಿ ಆಗಲೇ ದೊಣ್ಣೆ ಇತ್ತು.

"ಕಾರಿದ್ದು ಎಲ್ಲೈತಿ?" ಎಂದಳು ದುರುಗಕ್ಕ.

"ಕುರಿ ತುಳದಾಡ್ಯಾವ. ಅದನ್ನ ಯಾರು ಆರಿಸಿ ಇಡ್ತಾರ?"

"ಹಂಗಾದ್ರ ಹೊಟ್ಟ್ಯಾಗ ಉಳದಿದ್ದು ನೋಡೋಣು."

"ಕೊಯ್ದು ನೋಡ್ತೀಯೇನು?"

"ಕೊಯ್ಯೋದು ಯಾಕ? ತಾನೇ ತೋರಸ್ತಾನ. ಹೊಟ್ಟಿ ಭಾರಾದ್ರ ಬದುವಿನ ಗರಿಕಿ ತಿಂತಾನ, ತಿಂದು ಒಳಗಿಂದು ಹೊರಗ ಹಾಕ್ತಾನ. ದಿನಾ ನೋಡಾಕಿ ನಾನು. ಬೀರಪ್ಪ, ಅಲ್ಲೀತನ ದೊಣ್ಣಿ ಕೆಳಗ ಇಡಸು."

ದೊಡ್ಡಬೀರಪ್ಪ ಗಡ್ಡ ಕೆರೆದುಕೊಂಡ. "ಆತು ಅತ್ತಿಗಿ. ಹೊತ್ತು ನೆತ್ತಿಗೆ ಬರೋತನ. ಆಮ್ಯಾಲೆ ನನ್ನ ಬೈಯಬ್ಯಾಡ್ರಿ."

ಹೀಗೆ ಕೆರೆಯ ಕೆಳಗಿನ ಹಸಿ ಬದುವಿನ ಮೇಲೆ ಮೂವರು ಸಾಲಾಗಿ ಕುಳಿತರು. ಬೂದನನ್ನು ಬಿಟ್ಟರು. ಅವನು ಮೊದಲು ಒಂದು ಕಪ್ಪೆಯನ್ನು ಅಟ್ಟಿಸಿಕೊಂಡು ಹೋದ. ಬಂದು ಒಣ ಸಗಣಿ ನೆಕ್ಕಿದ. ಆಮೇಲೆ ದೊಡ್ಡಬೀರಪ್ಪ ಬಿಚ್ಚಿಟ್ಟ ಕೆರವನ್ನು ಕಚ್ಚಿ ಎಳೆದ.

"ಗರಿಕಿ ಒಂದು ಬಿಟ್ಟು ಎಲ್ಲಾ ತಿಂತೈತಿ" ಎಂದ ಯರ್ರಪ್ಪ.

ನೀರಿಗೆ ಹೊರಟ ಸುಂಕಮ್ಮ ಕೊಡ ಇಳಿಸಿ ನಿಂತಳು. "ಏನ್ರಿ ಬೀರಪ್ಪ, ಪಂಚಾಯ್ತಿ ಯಾರ ಮ್ಯಾಲೆ?"

"ನಾಯಿ ಮ್ಯಾಲೆ."

"ಅದೇನು ಹೇಳ್ತೈತಿ?"

"ಇನ್ನೂ ಬಾಯಿ ಬಿಟ್ಟಿಲ್ಲ. ನಡಿ ನೀನು."

ಬಿಸಿಲು ಏರಿತು. ಯರ್ರಪ್ಪ ಎರಡು ಸಲ ಎದ್ದ. ಎರಡು ಸಲವೂ ದುರುಗಕ್ಕ ಅವನ ಪಂಚೆಯ ಚುಂಗು ಹಿಡಿದು ಕೂರಿಸಿದಳು. ಒಳಗೊಳಗೆ ಅವಳಿಗೂ ಅಳುಕೇ. ಇವತ್ತೊಂದು ದಿನ ತಿನ್ನದಿದ್ದರೆ? ತಿಂದು, ಹೊರಗೆ ಬಿದ್ದದ್ದು ಮಾಂಸವೇ ಆಗಿದ್ದರೆ? ಆದರೂ ಗರಿಕೆಯ ಎಸಳೊಂದನ್ನು ಕಿತ್ತು ಮರಿಯ ಬಾಯಿಗೆ ಇಡಲಿಲ್ಲ. ತಾನು ತಿನ್ನಿಸಿದೆ ಎಂದು ನಾಳೆ ಯಾರೂ ಅನ್ನಬಾರದು.

ನೆರಳು ಕಾಲಡಿಗೆ ಬರುವ ಹೊತ್ತಿಗೆ ಬೂದ ಆಟ ನಿಲ್ಲಿಸಿದ. ತಲೆ ಓರೆ ಮಾಡಿ, ಪಕ್ಕದ ದವಡೆಯಿಂದ ಗರಿಕೆಯ ಉದ್ದ ಎಸಳುಗಳನ್ನು ಆರಿಸಿ ಆರಿಸಿ ಕಿತ್ತ. ನಾಲ್ಕು ಬಾಯಿ ತಿಂದು ಸುಮ್ಮನೆ ನಿಂತ. ಹೊಟ್ಟೆ ಒಳಕ್ಕೆ ಸೇದಿತು, ಬೆನ್ನು ಬಿಲ್ಲಾಯಿತು. ಹಸಿರು ನೊರೆಯ ಜೊತೆ ಕಪ್ಪು ಉಂಡೆಯೊಂದು ಬದುವಿನ ಮೇಲೆ ಬಿತ್ತು.

"ಉಣ್ಣೆ. ನಾ ಹೇಳಿಲ್ಲೇನು?" ಎಂದು ಯರ್ರಪ್ಪ ದೊಣ್ಣೆಗೆ ಕೈ ಹಾಕಿದ.

ದುರುಗಕ್ಕ ಆ ಉಂಡೆಯನ್ನು ಬರಿಗೈಯಲ್ಲಿ ಎತ್ತಿಕೊಂಡಳು. ಕಾಲುವೆಯಲ್ಲಿ ಜಾಲಾಡಿಸಿ ಬಿಡಿಸಿದಳು. ಗೇಣುದ್ದದ ಎಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ತೊಗಲಿಲ್ಲ, ಮೂಳೆಯಿಲ್ಲ. "ಹಿಡಿ" ಎಂದು ಯರ್ರಪ್ಪನ ಅಂಗೈಗೆ ಹಾಕಿದಳು. "ಎರಡೂ ಕೈಲೆ ಎಳದು ನೋಡು. ನಿನ್ನ ಕುರಿಮರಿ ಮೈಮ್ಯಾಲೆ ಉಣ್ಣೆ ಹುರಿ ಹಾಕಿಕೊಂಡು ಬೆಳೀತೈತೇನಪ್ಪ?"

ಯರ್ರಪ್ಪ ಎಳೆದು ನೋಡಿದ. ಹುರಿಗೊಂಡ ನೂಲು. ದೊಡ್ಡಬೀರಪ್ಪ ಮೂಸಿ, "ಹುಣಸಿಬೀಜದ ಗಂಜಿ ವಾಸನಿ" ಎಂದ. ಕಂಬಳಿ ನೇಯುವ ಮುಂಚೆ ಹಾಸುನೂಲಿಗೆ ಗಟ್ಟಿ ಬರಲೆಂದು ಹಚ್ಚುವ ಗಂಜಿ ಅದು.

"ನನ್ನ ಅಂಗಳದ್ದೇ" ಎಂದಳು ದುರುಗಕ್ಕ. "ಮೊನ್ನೆ ಗಂಜಿ ಹಚ್ಚಿ ತುಂಡುನೂಲು ಅಲ್ಲೇ ಬಿಟ್ಟಿದ್ದೆ, ರುಚಿಗೆ ತಿಂದಾನ. ತಪ್ಪು ನಂದು. ಮರೀದಲ್ಲ."

ಕುರಿಮರಿಯನ್ನು ಹರಿದದ್ದು ತೋಳವೋ ನರಿಯೋ, ಅದು ತಿಳಿಯಲೇ ಇಲ್ಲ. ಯರ್ರಪ್ಪ ನೂಲನ್ನು ಬೆರಳಲ್ಲಿ ಹೊಸೆದು ಕೆಳಗೆ ಹಾಕಿದ. "ಇವತ್ತು ತಿಂದಿಲ್ಲ, ಒಪ್ಪಿದೆ. ಹಗರಿ ದಂಡ್ಯಾಗ ತಿಂದ್ರ? ಅಲ್ಲಿ ಇದರ ಹಿಂದಿಂದ ತಿರುಗೋರು ಯಾರು ಅದಾರ?"

ಮಾತು ತಪ್ಪಲ್ಲ. ದೊಡ್ಡಬೀರಪ್ಪ ದುರುಗಕ್ಕನ ಕಡೆ ತಿರುಗಿದ. "ಜವಾಬ್ದಾರಿ ಹೊರೋರು ಇಲ್ಲದಿದ್ರ ಒಯ್ಯೋದು ಕಷ್ಟ ಅತ್ತಿಗಿ."

"ನಾ ಬರ್ತೀನಿ."

"ಅರವತ್ತು ದಾಟ್ಯಾವ ನಿಮಗ. ಬಯಲಾಗ ಮಲಗಬೇಕು."

"ಇಲ್ಲಿ ಕುಂತು ನೂಲೋದು ಅಲ್ಲಿ ನಡಕೊಂತ ನೂಲ್ತೀನಿ. ಕೈಗೆ ಎರಡೂ ಒಂದೇ."

ನಾಲ್ಕು ದಿನ ಸೊಸೆ ಬೊಮ್ಮಕ್ಕ ಅತ್ತು ಕರೆದು ನೋಡಿದಳು. ದುರುಗಕ್ಕ ಅಂಗಳವನ್ನು ಮೂರು ಸಲ ಗುಡಿಸಿ, ಒಂದೆಳೆ ನೂಲೂ ನೆಲಕ್ಕೆ ಬೀಳದ ಹಾಗೆ ಗಂಜಿ ಹಚ್ಚುವುದನ್ನು ಅವಳಿಗೆ ಕಲಿಸಿದಳು. ಹೀಗೆ ಹೊರಟ ದುರುಗಕ್ಕ ಸಾಯುವ ತನಕ, ಆರು ವರ್ಷ, ಹಿಂಡಿನ ಜೊತೆಗೇ ಉಳಿದಳು. ಹಟ್ಟಿಯ ಹತ್ತಿರ ಹಿಂಡು ಬಂದಾಗಲೂ ರೊಪ್ಪದ ಬಳಿಯ ಗುಡಿಸಲಲ್ಲೇ ಇರುತ್ತಿದ್ದಳು, ಮೊಮ್ಮಕ್ಕಳೇ ಅಲ್ಲಿಗೆ ಓಡಿ ಬರುತ್ತಿದ್ದವು. ಆ ಮನೆಯ ಹೊಸಿಲು ದಾಟಿದ್ದು ಹಿಂಡು ಹೊರಟ ಆ ದಿನವೇ ಕಡೆ.

ಆವತ್ತು ಬೆಳಿಗ್ಗೆ ಕಂಬಳಿಯನ್ನು ತಲೆಯಿಂದ ಇಳಿಬಿಟ್ಟು ಕೊಪ್ಪೆ ಹಾಕಿಕೊಂಡು, ಬಗಲಿಗೆ ರಾಗಿಹಿಟ್ಟಿನ ಚೀಲ ಏರಿಸಿ ಹೊರಗೆ ಬಂದಳು. ಸುಂಕಮ್ಮ ತನ್ನ ಬಾಗಿಲಲ್ಲೇ ನಿಂತಿದ್ದಳು.

"ಖರೇನೇ ಹೊಂಟ್ಯೇನಕ್ಕ?"

"ಹೊಂಟೆ. ಅವನು ಆಗಲೇ ಕೆರಿ ದಾಟ್ಯಾನ. ಯಾತಕ್ಕ ಬಾಯಿ ಹಾಕ್ತಾನೋ" ಎನ್ನುತ್ತ ದುರುಗಕ್ಕ ಬಿರಬಿರನೆ ನಡೆದಳು.